ಕೊಡಗಿನ ಮಳೆಯಲ್ಲಿ ವಿಚ್‌ಕ್ರಾಫ್ಟ್: ಮೊದಲ ವರ್ಷದವರಿಗೆ

ಆಗಸ್ಟ್ 1 ಇಂಗ್ಲೆಂಡಿನ ವಿಚ್‌ಗಳಿಗೆ ಲಾಮಸ್. ಮೊದಲ ಗೋಧಿ ಕೊಯ್ದು ಬ್ರೆಡ್ ಸುಡುವ ಹಬ್ಬ. ಅದೇ ದಿನ ಕೊಡಗಿನ ಗದ್ದೆಗಳಲ್ಲಿ ನಾಟಿಯೇ ಪೂರ್ತಿ ಮುಗಿದಿರುವುದಿಲ್ಲ. ಹೊಸ ಅಕ್ಕಿಗೆ ಇಲ್ಲಿನ ಕೊಯ್ಲಿನ ಹಬ್ಬ ಪುತ್ತರಿವರೆಗೆ ಇನ್ನೂ ನಾಲ್ಕು ತಿಂಗಳು ಕಾಯಬೇಕು. ಮಳೆಯ ತೇವಕ್ಕೆ ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆಯೇ ಹೊರತು ಕಿಡಿ ಹಾರುವುದಿಲ್ಲ. ಇಂಟರ್‌ನೆಟ್‌ನಲ್ಲಿ ಓದಿ ಇಲ್ಲಿ ವಿಚ್‌ಕ್ರಾಫ್ಟ್, ಅಂದರೆ ಋತು, ಚಂದ್ರ, ದೀಪ, ಗಿಡಗಳನ್ನು ಹಿಡಿದು ಮಾಡುವ ಪಾಶ್ಚಾತ್ಯ ವಿಧಿಗಳನ್ನು ಶುರುಮಾಡುವವರು ಎಡವುವುದು ಇಂಥ ಕಡೆಯಲ್ಲೇ: ಹಬ್ಬದ ಪಟ್ಟಿ ಯಾರದೋ ಊರಿನದು, ಗಿಡಮೂಲಿಕೆ ಯಾರದೋ ಹಿತ್ತಲಿನದು, ದಿಕ್ಕು ಯಾರದೋ ಆಕಾಶದ್ದು. ಈ ಬರಹದಲ್ಲಿರುವುದು ಅವನ್ನೆಲ್ಲ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಹವೆಗೆ ಹೊಂದಿಸಿಕೊಂಡು, ಕೈಯಲ್ಲಿರುವುದರಿಂದಲೇ ಶುರುಮಾಡುವ ಬಗೆ.

ಇದು ಮಾಟ ಅಲ್ಲ ಅನ್ನುವುದನ್ನು ಮೊದಲು ನೀವೇ ತಿಳಿದುಕೊಳ್ಳಿ

ವಿಚ್‌ಕ್ರಾಫ್ಟ್‌ಗೆ ಕನ್ನಡದಲ್ಲಿ ಸರಿಹೊಂದುವ ಪದವಿಲ್ಲ. ಮಾಟ, ವಾಮಾಚಾರ ಅಂದರೆ ಊರವರ ಕಣ್ಣಮುಂದೆ ಬರುವುದು ಮೂರುದಾರಿ ಕೂಡುವಲ್ಲಿ ಕುಯ್ದಿಟ್ಟ ನಿಂಬೆಹಣ್ಣು, ಮೊಳೆ ಚುಚ್ಚಿದ ಗೊಂಬೆ. ಇಲ್ಲಿ ಹೇಳುತ್ತಿರುವ ಸಂಗತಿಯ ವಯಸ್ಸು ಬಹಳ ಕಡಿಮೆ. ಬ್ರಿಟನ್ನಿನ 1735ರ ವಿಚ್‌ಕ್ರಾಫ್ಟ್ ಕಾಯಿದೆ 1951ರಲ್ಲಿ ರದ್ದಾಯಿತು. ಮಲಯದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದು ನಿವೃತ್ತರಾದ ಜೆರಾಲ್ಡ್ ಗಾರ್ಡ್ನರ್ 1954ರಲ್ಲಿ ಈ ಪದ್ಧತಿಯ ಬಗ್ಗೆ ಬಹಿರಂಗವಾಗಿ ಪುಸ್ತಕ ಬರೆದರು. ಗಾರ್ಡ್ನರ್ ಅವರ ವಿಧಿಗಳ ಮಾತುಗಳನ್ನು ಡೋರೀನ್ ವ್ಯಾಲಿಯೆಂಟಿ ತಿದ್ದಿ ಹೊಸದಾಗಿ ಬರೆದರು. ಅಲ್ಲಿಂದ ಬೆಳೆದದ್ದು ವಿಕ್ಕಾ ಎಂಬ ಹೊಸ ಧರ್ಮ. ಯುರೋಪಿನಲ್ಲಿ ಸಾವಿರಾರು ವರ್ಷ ಗುಟ್ಟಾಗಿ ಉಳಿದುಬಂದ ಧರ್ಮವಿದು ಎಂಬ ಮಾತನ್ನು ಇತಿಹಾಸಕಾರರು ಈಗ ಒಪ್ಪುವುದಿಲ್ಲ. ವಿಚ್‌ಕ್ರಾಫ್ಟ್ ಮಾಡುವವರೆಲ್ಲ ವಿಕ್ಕನ್ನರೂ ಅಲ್ಲ. ದೇವರನ್ನೇ ಒಪ್ಪದೆ, ಇದನ್ನು ಮನಸ್ಸು ಕಟ್ಟಿಕೊಳ್ಳುವ ಕಸುಬು ಎಂದು ಮಾತ್ರ ನೋಡುವವರೂ ಇದ್ದಾರೆ. ನಮ್ಮ ದೇಶದಲ್ಲಿ ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ 1980ರ ದಶಕದಲ್ಲೇ ತಾವು ವಿಕ್ಕನ್ ಎಂದು ಬಹಿರಂಗವಾಗಿ ಹೇಳಿಕೊಂಡವರು.

ಕಾನೂನಿನ ಗೆರೆ ಎಲ್ಲಿದೆ ಅನ್ನುವುದೂ ಗೊತ್ತಿರಲಿ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ 2017ರ ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಮ್ಮ ಕೋಣೆಯಲ್ಲಿ ನೀವು ದೀಪ ಹಚ್ಚಿ ಕೂತರೆ ಅದಕ್ಕೂ ಈ ಕಾಯಿದೆಗೂ ಸಂಬಂಧವಿಲ್ಲ. ಆದರೆ ದೆವ್ವ ಬಿಡಿಸುತ್ತೇನೆಂದು ಒಬ್ಬರನ್ನು ಹಿಂಸಿಸಿದರೆ, ಅತೀಂದ್ರಿಯ ಶಕ್ತಿಯ ಹೆಸರಿನಲ್ಲಿ ಮೋಸ ಮಾಡಿದರೆ, ಹೆದರಿಸಿದರೆ ಅಪರಾಧ. ತಾಯತದಿಂದ ರೋಗ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು ತಡೆಯಲು ಕೇಂದ್ರದ ಬೇರೆಯೇ ಕಾಯಿದೆಯಿದೆ. ತಮಾಷೆಯೆಂದರೆ ಅದೂ 1954ರದ್ದೇ. ಜ್ವರಕ್ಕೆ ಡಾಕ್ಟರ್ ಹತ್ತಿರ ಹೋಗಿ. ಮಾತ್ರೆ ನುಂಗಿದ ಮೇಲೆ ಬೇಕಿದ್ದರೆ ದೀಪ ಹಚ್ಚಿ.

ಮೊದಲ 30 ದಿನ: ಒಂದು ಉದ್ದ ನೋಟ್‌ಬುಕ್, ಅಷ್ಟೇ

ಒಂದು ತಿಂಗಳು ಯಾವ ಸ್ಪೆಲ್ಲೂ (ಬೇಡಿಕೆಯಿಟ್ಟು ಮಾಡುವ ಮಂತ್ರವಿಧಿ) ಬೇಡ. 200 ಪುಟದ ಒಂದು ಉದ್ದ ನೋಟ್‌ಬುಕ್ ತನ್ನಿ. ಜೆಲ್ ಪೆನ್ನು ಬೇಡ, ಜುಲೈನಲ್ಲಿ ಕಾಗದ ತೇವ ಹೀರಿ ಅಕ್ಷರ ಹರಡಿಕೊಳ್ಳುತ್ತದೆ. ಪೆನ್ಸಿಲ್ ಅಥವಾ ಮಾಮೂಲಿ ಬಾಲ್‌ಪೆನ್ ಇರಲಿ. ರಾತ್ರಿ ಮಲಗುವ ಮೊದಲು ಐದು ಸಾಲು ಬರೆಯಿರಿ: ತಾರೀಖು ಮತ್ತು ತಿಥಿ, ಚಂದ್ರ ಕಂಡನೋ ಇಲ್ಲವೋ, ಮಳೆ ಎಷ್ಟು, ಆ ದಿನ ಹೊಸದಾಗಿ ಕಂಡ ಒಂದು ಹೂವು ಅಥವಾ ಹಕ್ಕಿ, ಮನಸ್ಸು ಹೇಗಿತ್ತು. ಮಳೆಯನ್ನು ತೋಟದವರ ಹಾಗೆ ಇಂಚಿನಲ್ಲಿ ಬರೆದರೆ ಅನುಕೂಲ. ಪಕ್ಕದ ಎಸ್ಟೇಟಿನ ರೈಟರನ್ನು (ಗುಮಾಸ್ತರನ್ನು) ಕೇಳಿದರೆ ಅವರ ಮಳೆ ಮಾಪಕದ ಅಂದಿನ ಲೆಕ್ಕ ಬಾಯಲ್ಲೇ ಇರುತ್ತದೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್.

ಬೇಸರದ ಕೆಲಸ, ನಿಜ. ಆದರೆ ಮುಂದೆ ಮಾಡುವ ಪ್ರತಿ ವಿಧಿಯೂ ಫಲ ಕೊಟ್ಟಿತೋ ಇಲ್ಲವೋ ಎಂದು ನೋಡಲು ಬೇರೆ ಅಳತೆಗೋಲಿಲ್ಲ. ಬರೆದಿಡದವರಿಗೆ ನಡೆದದ್ದು ಮಾತ್ರ ನೆನಪಿರುತ್ತದೆ, ನಡೆಯದ ಒಂಬತ್ತು ಸಲ ಮರೆತುಹೋಗುತ್ತದೆ.

ಚಂದ್ರನ ಲೆಕ್ಕದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ವಿದೇಶಿ ಪಂಚಾಂಗಗಳು ಹುಣ್ಣಿಮೆಯ ಗಳಿಗೆಯನ್ನು ಗ್ರೀನಿಚ್ ಸಮಯದಲ್ಲಿ ಕೊಡುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ 14ನೇ ತಾರೀಖು ರಾತ್ರಿ 8 ಎಂದಿದ್ದರೆ ಇಲ್ಲಿ 15ರ ಬೆಳಗಿನ ಜಾವ 1.30. ಇದಕ್ಕಿಂತ ನಮ್ಮ ಪಂಚಾಂಗವೇ ಸಲೀಸು. ಹುಣ್ಣಿಮೆ ತಿಥಿ ಮುಗಿಯುವ ಗಳಿಗೆಯೇ ಖಗೋಳದ ಲೆಕ್ಕದಲ್ಲಿ ಚಂದ್ರ ಪೂರ್ಣವಾಗುವ ಗಳಿಗೆ. ಅಮಾವಾಸ್ಯೆಗೂ ಹಾಗೆಯೇ. ಗೋಡೆಯ ಕ್ಯಾಲೆಂಡರಿನಲ್ಲಿ ‘ಹುಣ್ಣಿಮೆ ಇಷ್ಟು ಗಂಟೆಯವರೆಗೆ’ ಎಂದು ಬರೆದಿರುವುದನ್ನು ನೋಡಿಕೊಂಡು, ಅದಕ್ಕೆ ಹಿಂದಿನ ಸಂಜೆಯೇ ಕೂತುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಗಟ್ಟಲೆ ಚಂದ್ರನ ಮುಖ ಕಾಣದಿರುವ ಊರಿನಲ್ಲಿ ಕಣ್ಣಿಗಿಂತ ಕ್ಯಾಲೆಂಡರೇ ಗತಿ.

ಎಂಟು ಹಬ್ಬಗಳ ಚಕ್ರ ಇಲ್ಲಿ ಹೇಗೆ ತಿರುಗುತ್ತದೆ

ವಿಕ್ಕಾದವರ ವರ್ಷದಲ್ಲಿ ಎಂಟು ಹಬ್ಬ: ಅಕ್ಟೋಬರ್ 31ರ ಸಾವಿನ್, ಡಿಸೆಂಬರ್ 21ರ ಸುಮಾರಿಗೆ ಯೂಲ್, ಫೆಬ್ರವರಿ 1ರ ಇಂಬೋಲ್ಕ್, ಮಾರ್ಚ್ 21ರ ಹೊತ್ತಿಗೆ ಓಸ್ತಾರಾ, ಮೇ 1ರ ಬೆಲ್ಟೇನ್, ಜೂನ್ 21ರ ಲಿಥಾ, ಆಗಸ್ಟ್ 1ರ ಲಾಮಸ್, ಸೆಪ್ಟೆಂಬರ್ 22ರ ಸುಮಾರಿಗೆ ಮೇಬನ್. ಕೊನೆಯದಕ್ಕೆ ಆ ಹೆಸರು ಬಂದದ್ದೇ 1970ರ ದಶಕದಲ್ಲಿ. ಈ ಚಕ್ರದ ಜೀವಾಳ ಹಗಲು ಹಿಗ್ಗಿ ಕುಗ್ಗುವುದು. ಲಂಡನ್ನಿನಲ್ಲಿ ಜೂನ್ ಮತ್ತು ಡಿಸೆಂಬರ್ ಹಗಲಿನ ನಡುವೆ ಎಂಟು ಗಂಟೆಗೂ ಮೀರಿದ ಅಂತರ. ಮಡಿಕೇರಿಯಲ್ಲಿ ಅದು ಹೆಚ್ಚುಕಡಿಮೆ ಒಂದೂವರೆ ಗಂಟೆ. ಡಿಸೆಂಬರಿನಲ್ಲಿ ‘ಸೂರ್ಯ ಮರಳಿ ಹುಟ್ಟಿದ’ ಎಂದು ಅಲ್ಲಿಯವರಿಗೆ ಅನ್ನಿಸುವಷ್ಟು ಇಲ್ಲಿಯವರಿಗೆ ಅನ್ನಿಸುವುದು ಕಷ್ಟ. ಇಲ್ಲಿ ಡಿಸೆಂಬರ್ ಅಂದರೆ ತಿಳಿ ಆಕಾಶ, ಕಣದಲ್ಲಿ ಒಣಗುವ ಅರೇಬಿಕಾ ಕಾಫಿ.

ಮಕರ ಸಂಕ್ರಾಂತಿಯನ್ನು ಯೂಲ್‌ನ ಜಾಗದಲ್ಲಿ ಇಡುವವರಿದ್ದಾರೆ. ಅದೂ ಸರಿಹೊಂದುವುದಿಲ್ಲ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ನಮ್ಮ ಸಂಕ್ರಾಂತಿ ನಕ್ಷತ್ರಗಳನ್ನು ಹಿಡಿದು ಲೆಕ್ಕ ಹಾಕಿದ್ದಾದ್ದರಿಂದ ಮೂರು ವಾರ ಹಿಂದೆ ಬಿದ್ದಿದೆ.

ಹಾಗಾದರೆ ಕೊಡಗಿನ ವರ್ಷವನ್ನು ತಿರುಗಿಸುವುದು ಯಾವುದು? ಮಳೆ ಮತ್ತು ಕಾಫಿ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಂದೂವರೆ ಇಂಚಿನ ಆಸುಪಾಸು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬಿಳಿಯಾಗುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಬರುತ್ತದೆ. ಬೆಲ್ಟೇನ್‌ನ ಹೂವಿನ ಹಬ್ಬಕ್ಕೆ ಮೇ 1 ಕಾಯುವುದಕ್ಕಿಂತ ಹೂ ಅರಳಿರುವ ಈ ಮೂರು ದಿನ ಸಾಕ್ಷಾತ್ತಾಗಿ ಒದಗಿಬರುತ್ತದೆ. ಹೂ ಮಾತ್ರ ಕೀಳಬೇಡಿ. ಒಂದೊಂದು ಹೂವೂ ಒಂದು ಹಣ್ಣು, ತೋಟದವರ ಕಣ್ಣು ಅದರ ಮೇಲೇ ಇರುತ್ತದೆ.

ಸಾವಿನ್‌ ಹಬ್ಬದ ಸಂಗತಿಯೂ ಇದೇ. ಸತ್ತವರನ್ನು ನೆನೆಯುವ ಕತ್ತಲೆಯ ಹಬ್ಬ ಅದು. ಕೊಡಗಿನಲ್ಲಿ ಅಕ್ಟೋಬರ್ ಕೊನೆಗೆ ಮಳೆ ಹಿಂದೆ ಸರಿಯುತ್ತಿರುತ್ತದೆ, ಭತ್ತ ತೆನೆ ಬಿಟ್ಟಿರುತ್ತದೆ, ಕತ್ತಲೆಯ ಭಾವ ಎಲ್ಲಿಂದ ಬರಬೇಕು? ಅದಕ್ಕೆ ತಕ್ಕ ಕಾಲ ಜುಲೈ ನಡುವಿನಿಂದ ಆಗಸ್ಟ್ ನಡುವಿನ ಕಕ್ಕಡ. ಹಗಲಲ್ಲೂ ದೀಪ ಬೇಕು, ಮದುವೆ-ಗೃಹಪ್ರವೇಶ ಇಲ್ಲ, ಹೊರಗೆ ಕಾಲಿಟ್ಟರೆ ಜಿಗಣೆ. ಅಜ್ಜ-ಅಜ್ಜಿಯ ಫೋಟೊ ಎದುರು ಒಂದು ದೀಪವಿಟ್ಟು ಅವರ ಹೆಸರು ಹೇಳಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ಇಲ್ಲೊಂದು ಎಚ್ಚರ. ಏಪ್ರಿಲ್ 14ರ ಎಡ್‌ಮ್ಯಾರ್, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಕ್ಟೋಬರ್ 17ರ ಸುಮಾರಿನ ತುಲಾ ಸಂಕ್ರಮಣ, ಪುತ್ತರಿ ಇವೆಲ್ಲ ಇಲ್ಲಿನ ಜನರ ನಡೆಯುತ್ತಿರುವ ಹಬ್ಬಗಳು. ಅವನ್ನು ‘ಕೊಡಗಿನ ಮೇಬನ್’ ಎಂದು ಹೆಸರು ಬದಲಿಸಿ ಪೋಸ್ಟ್ ಹಾಕಬೇಡಿ. ಕೈಮಡದಲ್ಲಿ (ಪೂರ್ವಜರ ಗುಡಿಯಲ್ಲಿ) ಕಾರಣರಿಗೆ, ಅಂದರೆ ಕುಲದ ಹಿರಿಯರಿಗೆ, ಕೊಡುವುದು ಆ ಒಕ್ಕದವರ (ಮನೆತನದವರ) ಕೆಲಸ. ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ. ವಿಧಿಯನ್ನು ಕದ್ದು ತರಬೇಡಿ. ಇಲ್ಲಿನ ಆದಿವಾಸಿಗಳಾದ ಯರವರ, ಕುರುಬರ ಪದ್ಧತಿಗಳ ವಿಷಯದಲ್ಲೂ ಇದೇ ಮಾತು.

ದಿಕ್ಕುಗಳು

ಪಾಶ್ಚಾತ್ಯ ಕ್ರಮದಲ್ಲಿ ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಭೂಮಿ. ಬ್ರಿಟನ್ನಿನಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ, ಬೆಂಕಿಗೆ ಆ ದಿಕ್ಕು ಒಪ್ಪುತ್ತದೆ. ಮಡಿಕೇರಿ ಇರುವುದು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 23ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಅಲ್ಲಿಂದ ಆಗಸ್ಟ್ 20ರವರೆಗೆ ಮಧ್ಯಾಹ್ನ ಉತ್ತರಕ್ಕೆ ವಾಲಿರುತ್ತಾನೆ. ನಮ್ಮ ಅಷ್ಟದಿಕ್ಪಾಲಕರ ಲೆಕ್ಕದಲ್ಲಿ ಅಗ್ನಿ ಆಗ್ನೇಯದಲ್ಲಿ, ವಾಯು ವಾಯವ್ಯದಲ್ಲಿ, ವರುಣ ಪಶ್ಚಿಮದಲ್ಲಿ. ನೀರಿನ ವಿಷಯದಲ್ಲಿ ಎರಡೂ ಲೆಕ್ಕ ಒಂದೇ, ಕೊಡಗಿಗೆ ಮಳೆ ಬರುವುದೂ ಅರಬ್ಬೀ ಸಮುದ್ರದ ಕಡೆಯಿಂದಲೇ. ಯಾವ ಕ್ರಮವನ್ನಾದರೂ ಹಿಡಿಯಿರಿ, ಒಂದು ವರ್ಷ ಬದಲಿಸಬೇಡಿ. ಒಂದೇ ವಿಧಿಯಲ್ಲಿ ಎರಡನ್ನೂ ಬೆರೆಸಿದರೆ ನಡುವೆ ತಲೆ ಕೆರೆದುಕೊಂಡು ನಿಲ್ಲುತ್ತೀರಿ, ಕೂಡಿಸಿದ ಏಕಾಗ್ರತೆ ಅಲ್ಲಿಗೆ ಮುಗಿಯಿತು. ವಿಧಿಯ ಶುರುವಿನಲ್ಲಿ ಸುತ್ತ ನಡೆದು ಕಲ್ಪಿಸಿಕೊಳ್ಳುವ ವೃತ್ತವನ್ನು ಸುತ್ತುವುದು ಬಲಕ್ಕೆ, ಅಂದರೆ ದೇವಸ್ಥಾನದ ಪ್ರದಕ್ಷಿಣೆಯ ಹಾಗೆಯೇ.

ಸಾಮಾನು, ಮತ್ತು ತೇವ ಎಂಬ ಶತ್ರು

ಬೇಕಾದದ್ದು ಇಷ್ಟು: ಒಂದು ಸಣ್ಣ ಹಿತ್ತಾಳೆ ದೀಪ, ಒಂದು ಲೋಟ, ಒಂದು ಬಟ್ಟಲು ಅಕ್ಕಿ ಅಥವಾ ಹಿತ್ತಲಿನ ಮಣ್ಣು, ಚಿಟಿಕೆ ಸಾಂಬ್ರಾಣಿ. ವೃತ್ತದ ಗೆರೆ ಎಳೆಯುವ ಅಥೇಮ್ ಎಂಬ ಕಪ್ಪು ಹಿಡಿಯ ಚೂರಿಯನ್ನು ಆನ್‌ಲೈನಲ್ಲಿ ತರಿಸುವ ಅಗತ್ಯವಿಲ್ಲ, ಅದು ಏನನ್ನೂ ಕುಯ್ಯಲು ಬಳಸುವ ವಸ್ತುವೇ ಅಲ್ಲ. ತೋರುಬೆರಳು ಅದೇ ಕೆಲಸ ಮಾಡುತ್ತದೆ. ಗೆಳೆಯರ ಮನೆಯ ಪೀಚೆಕತ್ತಿಯನ್ನು (ಕೊಡವರ ಸಾಂಪ್ರದಾಯಿಕ ಕಠಾರಿ) ಅದಕ್ಕೆ ಎರವಲು ಕೇಳುವ ಯೋಚನೆ ಬಂದರೆ ಅಲ್ಲೇ ಬಿಡಿ.

ಮಂತ್ರದಂಡ ಬೇಕೇಬೇಕೆಂದರೆ ಕಾಫಿ ಕಡ್ಡಿಗಿಂತ ಒಳ್ಳೆಯದಿಲ್ಲ. ಗಟ್ಟಿ ಮರ, ನುಣುಪು ಎಳೆ. ಕೊಯ್ಲು ಮುಗಿದು ಗಿಡ ಸವರಿದ ಮೇಲೆ ಕೆಳಗೆ ಬಿದ್ದ ಕೊಂಬೆಯನ್ನು ತೋಟದವರನ್ನು ಕೇಳಿ ತನ್ನಿ. ಮೊಣಕೈಯಿಂದ ನಡುಬೆರಳ ತುದಿಯಷ್ಟು ಉದ್ದ, ಹೆಬ್ಬೆರಳಷ್ಟು ದಪ್ಪ ಸಾಕು. ಬಿಸಿಲಿಗಿಟ್ಟರೆ ಸೀಳುತ್ತದೆ. ನೆರಳಿನಲ್ಲಿ ನಾಲ್ಕು ವಾರ ಒಣಗಿಸಿ, ಆಮೇಲೆ ತೊಗಟೆ ಕೆತ್ತಿ ಮರಳು ಕಾಗದದಿಂದ ಉಜ್ಜಿ, ಒಂದು ಪಾಲು ಜೇನುಮೇಣಕ್ಕೆ ನಾಲ್ಕು ಪಾಲು ಎಣ್ಣೆ ಕರಗಿಸಿ ಹಚ್ಚಿ. ಗಂಧದ ಮರದ ಸಹವಾಸ ಬೇಡ, ಅದು ನೇರ ಅರಣ್ಯ ಇಲಾಖೆಯ ಕೇಸು.

ಉಪ್ಪಿನ ಬಟ್ಟಲು ವಿದೇಶಿ ಪುಸ್ತಕಗಳಲ್ಲಿ ಎಲ್ಲ ಕಡೆ ಬರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರಾಗುತ್ತದೆ. ಮುಂಗಾರಿನ ಕೊಡಗಿನಲ್ಲಿ ಅದಕ್ಕಿಂತ ಕಡಿಮೆ ಇರುವುದೇ ಅಪರೂಪ. ಬಟ್ಟಲಿನಲ್ಲಿ ನೀರು ನಿಂತು ಹಿತ್ತಾಳೆ ಹಸಿರು ಹಿಡಿಯುತ್ತದೆ. ಅದನ್ನು ಗಿಡದ ಬುಡಕ್ಕೆ ಚೆಲ್ಲಿದರೆ ಗಿಡವೂ ಹೋಗುತ್ತದೆ. ಮಳೆಗಾಲಕ್ಕೆ ಅಕ್ಕಿ ಇಡಿ.

ಟ್ಯಾರೋ ಕಾರ್ಡುಗಳು ಇನ್ನೂ ಸೂಕ್ಷ್ಮ. 78 ಎಲೆಗಳ ಕಟ್ಟು ತೇವ ಹೀರಿ ಉಬ್ಬಿದರೆ ಕಲೆಸಲು ಬರುವುದಿಲ್ಲ, ಬೂಷ್ಟು ಹಿಡಿದರೆ ವಾಸನೆ ಹೋಗುವುದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ಆದರೆ ಯಾವಾಗ ಮತ್ತೆ ಬಿಸಿ ಮಾಡಬೇಕೆಂದು ಅದೇ ಹೇಳುತ್ತದೆ. ಸೌದೆ ಒಲೆ ಇರುವ ಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಸಮನಾದ ಜಾಗ ಇನ್ನೊಂದಿಲ್ಲ. ಬೆಂಕಿಪೊಟ್ಟಣ, ಊದಿನಕಡ್ಡಿ, ಬತ್ತಿ ಎಲ್ಲ ಅಲ್ಲೇ ಇರಲಿ.

ಬಣ್ಣದ ಕಲ್ಲುಗಳಿಗೆ ಮೊದಲ ವರ್ಷ ದುಡ್ಡು ಹಾಕಬೇಡಿ. ಟರ್ಕಾಯ್ಸ್ ಎಂದು ಅಗ್ಗಕ್ಕೆ ಮಾರುವುದರಲ್ಲಿ ಬಣ್ಣ ಹಾಕಿದ ಹೌಲೈಟ್ ಬಹಳ. ಇದ್ದರೂ ಕುಡಿಯುವ ನೀರಿಗೆ ಹಾಕಬೇಡಿ. ಮ್ಯಾಲಕೈಟ್‌ನಲ್ಲಿ ತಾಮ್ರವಿದೆ, ಸೆಲೆನೈಟ್ ನೀರಿನಲ್ಲಿ ಕರಗುತ್ತದೆ.

ಮೊದಲ ಹುಣ್ಣಿಮೆಯ ವಿಧಿ, 25 ನಿಮಿಷ

ರಾತ್ರಿ ಊಟಕ್ಕೆ ಮೊದಲು ಕೂತುಕೊಳ್ಳಿ. ಪಾಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಉಂಡೆ) ಹೊಡೆದು ಕೂತರೆ ಹತ್ತನೇ ನಿಮಿಷಕ್ಕೆ ನಿದ್ದೆ ಬರುತ್ತದೆ. ಮನೆಯವರಿಗೆ ‘ಅರ್ಧ ಗಂಟೆ ಧ್ಯಾನ’ ಎಂದು ಹೇಳಿ, ಅದು ಸುಳ್ಳೂ ಅಲ್ಲ. ಫೋನನ್ನು ಇನ್ನೊಂದು ಕೋಣೆಯಲ್ಲಿಡಿ.

ಕೋಣೆ ಗುಡಿಸಿ, ಕಿಟಕಿಯನ್ನು ಒಂದು ಗೇಣು ತೆರೆದಿಡಿ. ಮಳೆ ಎಂದು ಎಲ್ಲ ಮುಚ್ಚಿ ಕೆಂಡದ ಮೇಲೆ ಸಾಂಬ್ರಾಣಿ ಹಾಕುವುದು ಕೊಡಗಿನಲ್ಲಿ ಸಾಮಾನ್ಯವಾಗಿ ಆಗುವ, ಎಲ್ಲಕ್ಕಿಂತ ಅಪಾಯದ ತಪ್ಪು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆ ಹಗುರಾದಂತೆ, ‘ಶಕ್ತಿ ಬಂದಂತೆ’ ಅನ್ನಿಸಿದರೆ ಮೊದಲು ಬಾಗಿಲು ತೆರೆದು ಹೊರಗೆ ಬನ್ನಿ.

ದೀಪಕ್ಕೆ ಎರಡು ಟೀ ಚಮಚ ಎಳ್ಳೆಣ್ಣೆ ಸಾಕು, 25 ನಿಮಿಷ ದಾಟಿ ಉರಿಯುತ್ತದೆ. ಬತ್ತಿಯ ತುದಿ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಹೊರಗಿದ್ದರೆ ಹೊಗೆ ಬರುತ್ತದೆ. ಕೆಳಗೆ ಸ್ಟೀಲ್ ತಟ್ಟೆ ಇರಲಿ. ಪರದೆಯಿಂದ ಒಂದು ಮೊಳ ದೂರ ಇಡಿ. ಮೇಣದ ಟೀ ಲೈಟ್ ಹಚ್ಚಿದರೆ ಅದು ನಾಲ್ಕು ಗಂಟೆ ಉರಿಯುತ್ತದೆಂಬುದು ನೆನಪಿರಲಿ, ವಿಧಿ ಮುಗಿದಾಗ ಆರಿಸಿ ಮಲಗಿ.

ನೆಲದಲ್ಲಿ ಕೂತು, ನಾಲ್ಕು ಎಣಿಕೆಗೆ ಉಸಿರು ತೆಗೆದು, ನಾಲ್ಕು ಎಣಿಕೆ ಹಿಡಿದು, ಆರು ಎಣಿಕೆಗೆ ಬಿಡಿ. ಹತ್ತು ಸಲ. ಎದ್ದು ಬಲಗಡೆಯಿಂದ ಮೂರು ಸುತ್ತು ನಿಧಾನವಾಗಿ ನಡೆಯಿರಿ. ಮೊದಲ ಸುತ್ತಿನಲ್ಲಿ ತೋರುಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದಂತೆ ನೆನೆಯಿರಿ. ಕೋಣೆ ಇಕ್ಕಟ್ಟಾಗಿದ್ದರೆ ನಿಂತಲ್ಲೇ ತಿರುಗಿದರೂ ಆಯಿತು. ಮತ್ತೆ ಕೂತು, ದೀಪ ನೋಡುತ್ತಾ, ಮೊದಲೇ ಬರೆದಿಟ್ಟ ಒಂದೇ ಒಂದು ಸಾಲಿನ ಬೇಡಿಕೆಯನ್ನು ಒಂಬತ್ತು ಸಲ ಬಾಯಿಬಿಟ್ಟು ಹೇಳಿ. ಆಮೇಲೆ ಏಳೆಂಟು ನಿಮಿಷ ಸುಮ್ಮನಿರಿ. ಕೊನೆಗೆ ಲೋಟದ ನೀರು ಕುಡಿದು, ಎಡಕ್ಕೆ ಒಂದು ಸುತ್ತು ಬಂದು ವೃತ್ತ ಬಿಚ್ಚಿ, ದೀಪ ಆರಿಸಿ, ನೋಟ್‌ಬುಕ್ ತೆರೆಯಿರಿ.

ಬೇಡಿಕೆಯ ಸಾಲಿನಲ್ಲೇ ಅರ್ಧ ಕೆಲಸ ಇದೆ. ‘ನನ್ನ ಬದುಕು ಚೆನ್ನಾಗಿರಲಿ’ ಎಂದರೆ ನೋಟ್‌ಬುಕ್‌ನಲ್ಲಿ ಏನು ಪರೀಕ್ಷಿಸುವುದು? ‘ಮುಂದಿನ ಹುಣ್ಣಿಮೆಯೊಳಗೆ ದಿನಕ್ಕೆ ಒಂದು ಗಂಟೆ ಓದುವ ಮನಸ್ಸು ನನಗೆ ಕೂಡಲಿ’ ಎಂದರೆ ಲೆಕ್ಕ ಸಿಗುತ್ತದೆ. ಇನ್ನೊಬ್ಬರ ಮನಸ್ಸನ್ನು ನಿಮ್ಮತ್ತ ತಿರುಗಿಸುವ ಬೇಡಿಕೆ ಬೇಡ. ಯಾರಿಗೂ ಕೇಡಾಗಬಾರದು ಎಂಬುದು ವಿಕ್ಕಾದವರ ಮೂಲ ಮಾತು. ನೀವು ವಿಕ್ಕಾ ಒಪ್ಪದಿದ್ದರೂ, ವಶೀಕರಣದ ಹಾದಿ ಹಿಡಿದರೆ ಕೊನೆಗೆ ನೀವೇ ಆ ವ್ಯಕ್ತಿಯ ಫೋನ್ ಸ್ಟೇಟಸ್ ಕಾಯುತ್ತಾ ಕೂರುವವರಾಗುತ್ತೀರಿ.

ಮಾತು ಕನ್ನಡದಲ್ಲೇ ಇರಲಿ, ಅಥವಾ ಮನೆಯಲ್ಲಿ ಆಡುವ ಕೊಡವ ತಕ್ಕ್, ಅರೆಭಾಷೆ, ತುಳು ಯಾವುದೋ ಅದರಲ್ಲಿ. ಇಂಗ್ಲಿಷ್ ಸ್ಪೆಲ್‌ಗಳು ಸಾಲಿನ ಕೊನೆಯಲ್ಲಿ ಪ್ರಾಸ ಹಾಕುತ್ತವೆ. ಅದನ್ನು ಕನ್ನಡಕ್ಕೆ ಎಳೆದು ತಂದರೆ ಮಕ್ಕಳ ಪದ್ಯದ ಹಾಗೆ ಕೇಳಿಸುತ್ತದೆ. ನಮ್ಮ ಕಿವಿಗೆ ಹಿಡಿಸುವುದು ಎರಡನೇ ಅಕ್ಷರದ ಪ್ರಾಸ, ಬೀಸುಕಲ್ಲಿನ ತ್ರಿಪದಿಯ ನಡೆ. ಕಲ್ಲು ತಿರುಗಿದಂತೆ ಅದೂ ತಿರುಗುತ್ತದೆ, ಒಂಬತ್ತು ಸಲ ಹೇಳಿದರೂ ಬಾಯಿ ತೊಡರುವುದಿಲ್ಲ. ಮಾದರಿಗೆ:

ಬತ್ತೀಯ ಬೆಳಕಾಗು ಚಿತ್ತಕ್ಕೆ ಬಲವಾಗು
ಹೊತ್ತು ಮೂಡುವ ಮೊದಲೇನೆ / ನನ್ನೊಳಗೆ
ಕತ್ತಲೆಯ ಗಂಟು ಬಿಡಿಸವ್ವ

ಬತ್ತಿ, ಚಿತ್ತ, ಹೊತ್ತು, ಕತ್ತಲೆ: ಒಂದು ಒತ್ತಕ್ಷರ ಹಿಡಿದುಕೊಂಡು ನಿಮ್ಮದನ್ನು ನೀವೇ ಕಟ್ಟಿ.

ಗಿಡಗಳು: ಯಾವುದು ಕೈಗೆ, ಯಾವುದು ಕಣ್ಣಿಗೆ ಮಾತ್ರ

ವೈಟ್ ಸೇಜ್ ಕಟ್ಟು ತರಿಸಿ ಸುಡುವ ಚಟ ಬೇಡ. ಅದು ಅಮೆರಿಕದ ಮೂಲನಿವಾಸಿಗಳ ಪವಿತ್ರ ಗಿಡ, ಕಾಡಿನಿಂದ ವಿಪರೀತ ಕಿತ್ತು ಮಾರಲಾಗುತ್ತಿದೆ. ಸಾಂಬ್ರಾಣಿ, ರಾಳಧೂಪ, ಒಣಗಿದ ಕಿತ್ತಳೆ ಸಿಪ್ಪೆ, ಒಂದು ಏಲಕ್ಕಿ ಇಲ್ಲಿಯ ಗಾಳಿಗೆ ಇಲ್ಲಿಯದೇ ಹೊಗೆ. ಕರಿಮೆಣಸು ಕಾವಲಿಗೆ, ಲವಂಗ ಮಾತಿನ ಬಲಕ್ಕೆ, ದಾಲ್ಚಿನ್ನಿ ಲಾಭಕ್ಕೆ ಎಂದು ಪುಸ್ತಕಗಳಲ್ಲಿ ಪಟ್ಟಿ ಸಿಗುತ್ತದೆ. ಒಂದು ತಿಂಗಳಿಗೆ ಒಂದೇ ಗಿಡ ಹಿಡಿದು ಮೂಸಿ, ತಿಂದು, ಬೆಳೆಸಿ, ನಿಮಗೆ ಅದು ಏನನ್ನು ನೆನಪಿಸುತ್ತದೆ ಎಂದು ಬರೆಯುವುದು ಆ ಪಟ್ಟಿಗಿಂತ ಮೇಲು.

ಮೈಗೆ ಹಚ್ಚುವ ಎಣ್ಣೆ ಮಾಡುವುದಾದರೆ 30 ಮಿಲಿ ಕೊಬ್ಬರಿ ಎಣ್ಣೆಗೆ 4 ತೊಟ್ಟು ಲೆಮನ್‌ಗ್ರಾಸ್ ಎಣ್ಣೆಗಿಂತ ಮೇಲೆ ಹೋಗಬೇಡಿ, ಅದು ಹೆಚ್ಚುಕಡಿಮೆ ಶೇ. 0.7. ಚರ್ಮ ಸೂಕ್ಷ್ಮವಾದವರು ಅದರ ಅರ್ಧಕ್ಕೇ ನಿಲ್ಲಿಸಿ. ಮೊಣಕೈ ಒಳಮಡಿಕೆಗೆ ಹಚ್ಚಿ 24 ಗಂಟೆ ನೋಡಿ. ಲವಂಗ, ದಾಲ್ಚಿನ್ನಿ ಎಣ್ಣೆ ಚರ್ಮ ಸುಡುತ್ತವೆ, ಅವನ್ನು ಮೈಗೆ ಹಚ್ಚಬೇಡಿ. ನಿಂಬೆರಸ ಕೈಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಗುಳ್ಳೆ ಏಳುತ್ತದೆ, ಅದನ್ನು ‘ತಿರುಗಿಬಿದ್ದ ಮಾಟ’ ಎಂದುಕೊಳ್ಳಬೇಡಿ. ಬೆಕ್ಕಿರುವ ಮನೆಯಲ್ಲಿ ಟೀ ಟ್ರೀ ಎಣ್ಣೆ ಬೇಡ, ಬೆಕ್ಕಿಗೆ ಅದು ವಿಷ.

ಜೇನು ಜಾಡಿಯ ಸ್ಪೆಲ್ ಈಗ ಫ್ಯಾಶನ್. ಜಾಡಿಗೆ ಜೇನು, ಚೀಟಿ ಹಾಕಿ ಬಿಗಿದು ಮುಚ್ಚಳದ ಮೇಲೆ ಮೇಣದಬತ್ತಿ ಉರಿಸುವುದು. ಕೊಡಗಿನ ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚು, ಮಳೆಗಾಲದಲ್ಲಿ ಹುಳಿಬಂದು ಗ್ಯಾಸ್ ಕಟ್ಟುತ್ತದೆ. ಮೇಲಿನಿಂದ ಕಾವು ಕೊಟ್ಟರೆ ಗಾಜು ಸಿಡಿಯುವುದಕ್ಕೆ ಬೇರೆ ಕಾರಣ ಬೇಡ. ಮಾಡಲೇಬೇಕಿದ್ದರೆ ಎರಡು ಚಮಚ ಜೇನು, ಸಡಿಲ ಮುಚ್ಚಳ, ಬತ್ತಿ ಪಕ್ಕದ ತಟ್ಟೆಯಲ್ಲಿ, ಸುತ್ತ ನೀರಿನ ತಟ್ಟೆ, ಇಲ್ಲದಿದ್ದರೆ ಇರುವೆ. ಇದಕ್ಕೆ ಎದುರಾದ ‘ಹುಳಿ ಜಾಡಿ’ಯ ಸ್ಪೆಲ್‌ಗೆ ಕಾಚಂಪುಳಿ (ಕೊಡಗಿನ ಗಟ್ಟಿ ಹುಳಿರಸ) ಸುರಿಯುವವರಿದ್ದಾರೆ. ಅಷ್ಟು ಕಷ್ಟಪಟ್ಟು ಇಳಿಸಿದ ರಸವನ್ನು ಹಾಗೆ ಹಾಳುಮಾಡುವುದಕ್ಕಿಂತ ಪಾಂದಿ ಕರಿಗೆ ಹಾಕಿ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಂತೂ ಇಡಲೇಬೇಡಿ, ಲೋಹ ಕರಗಿ ರಸದೊಳಗೆ ಇಳಿಯುತ್ತದೆ.

ಇನ್ನು ವಿಷದ ಗಿಡಗಳು. ಹಳೆಯ ಯುರೋಪಿನ ‘ಹಾರುವ ಮುಲಾಮಿ’ನ ಪಾಕಗಳು ಇಂಟರ್‌ನೆಟ್‌ನಲ್ಲಿ ತಿರುಗುತ್ತವೆ. ಅವುಗಳಲ್ಲಿರುವುದು ಉಮ್ಮತ್ತಿಯ ಜಾತಿಯ ಗಿಡಗಳು. ಮಡಿಕೇರಿಯ ಬಂಗಲೆಗಳ ಬೇಲಿಯಲ್ಲಿ ಕಹಳೆಯ ಹಾಗೆ ತಲೆಕೆಳಗಾಗಿ ತೂಗುವ ದೊಡ್ಡ ಹೂವೂ ಅದರ ಬಳಗದ್ದೇ. ಭ್ರಮೆ ಬರಿಸುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆ, ಅದೂ ಗಿಡದಿಂದ ಗಿಡಕ್ಕೆ ಬೇರೆ. ಕೈಲ್‌ಪೊಳ್ದ್‌ಗೆ ಕೋವಿಯ ಬಾಯಿಗೆ ಸಿಕ್ಕಿಸುವ ತೋಕ್ ಪೂ, ಅಂದರೆ ಅಗ್ನಿಶಿಖೆ, ನೋಡಲು ಬೆಂಕಿಯ ನಾಲಗೆ. ಅದರ ಗೆಡ್ಡೆಯಲ್ಲಿ ಕೊಲ್ಚಿಸಿನ್ ಇದೆ, ತಿಂದರೆ ಸಾವು. ಕಣಗಿಲೆಯ ಕಡ್ಡಿಯನ್ನು ಬೆಂಕಿಗೂ ಹಾಕಬೇಡಿ, ಹೊಗೆಯೂ ವಿಷ. ಈ ಮೂರನ್ನೂ ಚಿತ್ರ ಬರೆದು ನೋಟ್‌ಬುಕ್‌ನಲ್ಲಿಡಿ, ಅಷ್ಟೇ.

ಇದಕ್ಕೆ ಎದುರಾಗಿ, ಧೈರ್ಯವಾಗಿ ಒಲೆಗೆ ಏರಿಸಬಹುದಾದ ಗಿಡ ಮದ್ದುಸೊಪ್ಪು. ಕಕ್ಕಡದ 18ನೇ ದಿನ, ಆಗಸ್ಟ್ 3ಕ್ಕೆ, ಅದರಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ ಕೊಡಗಿನಲ್ಲಿ ಮನೆಮನೆಯದು. ಅಡುಗೆಮನೆಯೇ ನಿಮ್ಮ ವಿಚ್‌ಕ್ರಾಫ್ಟ್ ಆಗಬೇಕೆಂದಿದ್ದರೆ ಪಾಠ ಇಲ್ಲಿದೆ, ಆದರೆ ಗುರು ನೆರೆಮನೆಯ ಅಜ್ಜಿ. ಗುರುತು ಗೊತ್ತಿಲ್ಲದಿದ್ದರೆ ತಾವಾಗಿ ಕಿತ್ತು ತರಬೇಡಿ, ಆ ವಾರದ ಸಂತೆಯಲ್ಲಿ ಕಟ್ಟು ಸಿಗುತ್ತದೆ. ಒಂದು ಕಟ್ಟನ್ನು ತೊಳೆದು, ಕಡ್ಡಿ ಸಮೇತ ತುಂಡರಿಸಿ, ಒಂದೂವರೆ ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ನೀರು ಕಡು ನೇರಳೆಯಾಗುತ್ತದೆ. ಸೋಸಿ, ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ಕಷಾಯ ಹಾಕಿ ಬೇಯಿಸಿ, ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ತೆಂಗಿನಹಾಲು ಸೇರಿಸಿದರೆ ಪಾಯಸ. ಮಾರನೇ ದಿನ ಮೂತ್ರ ಕೆಂಪಾಗಿ ಹೋದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ. ಗರ್ಭಿಣಿಯರು ಡಾಕ್ಟರನ್ನು ಕೇಳಿ ತಿನ್ನುವುದು ಒಳಿತು.

ಹೊರಗೆ ಹೋಗುವುದಾದರೆ

ಹುಣ್ಣಿಮೆ ರಾತ್ರಿ ತೋಟದ ನಡುವೆ ನಿಲ್ಲುವ ಆಸೆ ಎಲ್ಲರಿಗೂ ಬರುತ್ತದೆ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಕತ್ತಲಾದ ಮೇಲೆ ತೋಟಕ್ಕೆ ಇಳಿಯುವುದು ಆನೆಯ ಎದುರಿಗೆ ಹೋದ ಹಾಗೆ. ಕಾಫಿ ಗಿಡದ ಮರೆಯಲ್ಲಿ ಹತ್ತು ಹೆಜ್ಜೆ ದೂರದಲ್ಲಿ ನಿಂತರೂ ಅದು ಕಾಣುವುದಿಲ್ಲ. ಜಗಲಿ ಅಥವಾ ತಾರಸಿ ಸಾಕು. ಫೆಬ್ರವರಿಯಿಂದ ಮೊದಲ ಮಳೆವರೆಗೆ ಕಾಡಂಚಿನಲ್ಲಿ ಬೆಂಕಿಕಡ್ಡಿಯನ್ನೂ ಗೀರಬೇಡಿ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಒಣಕಡ್ಡಿಯನ್ನೂ ಹೆಕ್ಕುವಂತಿಲ್ಲ, ಕೆಲವು ಕಡೆ ಒಳಗೆ ಹೋಗುವುದಕ್ಕೇ ಕಟ್ಟುಪಾಡುಗಳಿವೆ. ದೇವತಕ್ಕರನ್ನು (ದೇವಸ್ಥಾನದ ಉಸ್ತುವಾರಿ ಹೊತ್ತವರನ್ನು) ಕೇಳದೆ ಕಾಲಿಡಬೇಡಿ, ಒಪ್ಪಿಗೆ ಸಿಕ್ಕರೂ ನಿಮ್ಮ ವಿಧಿಯನ್ನು ಅಲ್ಲಿ ಮಾಡಬೇಡಿ. ಕೈಮುಗಿದು ಬನ್ನಿ. ಕಾಡಿನಲ್ಲಿ ಸಿಕ್ಕ ಮೂಳೆ, ಉಗುರು, ಹಲ್ಲು ಮನೆಗೆ ತಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡಬರುತ್ತದೆ.

ವಿಧಿ ಮುಗಿದ ಮೇಲೆ ಉಳಿದದ್ದನ್ನು ಎಲ್ಲಿ ಹಾಕುವುದು ಅನ್ನುವುದೇ ನೆರೆಹೊರೆಯ ಜೊತೆ ಜಗಳಕ್ಕೆ ದೊಡ್ಡ ಕಾರಣ. ವಿದೇಶಿ ಪುಸ್ತಕ ‘ನಾಲ್ಕುದಾರಿಯಲ್ಲಿ ಬಿಡಿ’, ‘ಹರಿಯುವ ನೀರಿಗೆ ಬಿಡಿ’ ಎನ್ನುತ್ತದೆ. ಇಲ್ಲಿ ದಾರಿಯಲ್ಲಿ ನಿಂಬೆಹಣ್ಣು, ಕುಂಕುಮ, ಅರ್ಧ ಸುಟ್ಟ ಚೀಟಿ ಕಂಡರೆ ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಹೆಂಗಸರು ಮರುದಿನ ಆ ದಾರಿಯಲ್ಲಿ ಕೆಲಸಕ್ಕೆ ಹೋಗುವುದಿಲ್ಲ, ಯಾರ ಮಗುವಿಗೆ ಜ್ವರ ಬಂದರೂ ಮಾತು ನಿಮ್ಮ ಕಡೆ ತಿರುಗುತ್ತದೆ. ಹಾಗೆ ಹೆದರಿದವರಿಗೆ ನೀವು ಕೇಡು ಮಾಡಿದಂತೆಯೇ. ಕಾವೇರಿಗಂತೂ ಮೇಣ, ಬಟ್ಟೆ, ಪ್ಲಾಸ್ಟಿಕ್ ಬಿಡಲೇಬೇಡಿ. ಅಕ್ಕಿ ಹಕ್ಕಿಗೆ, ಹೂ ಗೊಬ್ಬರದ ಗುಂಡಿಗೆ, ಬೂದಿ ನಿಮ್ಮದೇ ಹಿತ್ತಲಿನ ಬಾಳೆ ಬುಡಕ್ಕೆ, ಮೇಣದ ಚೂರು ಕರಗಿಸಿ ಮುಂದಿನ ಬತ್ತಿಗೆ.

ಕಲಿಸುತ್ತೇವೆ ಎನ್ನುವವರು

ಗಾರ್ಡ್ನರ್ ಪರಂಪರೆಯ ವಿಕ್ಕಾದಲ್ಲಿ ದೀಕ್ಷೆ ಪಡೆದವರಿಂದಲೇ ದೀಕ್ಷೆ, ಮೂರು ಹಂತ. ಕೇಳಿಬಂದವರನ್ನು ಒಂದು ವರ್ಷ ಮತ್ತು ಒಂದು ದಿನ ಕಾಯಿಸುವುದು ವಾಡಿಕೆ, ದೀಕ್ಷೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ವಾಟ್ಸಾಪ್‌ನಲ್ಲಿ ವಾರಾಂತ್ಯದ ದೀಕ್ಷೆಗೆ ಸಾವಿರಗಟ್ಟಲೆ ಕೇಳುವವರು, ನಿಮ್ಮ ಮೇಲೆ ಶಾಪ ಇದೆ ಎಂದು ಮೊದಲ ಮಾತಿನಲ್ಲೇ ಹೇಳುವವರು, ಬಟ್ಟೆ ಕಳಚಲು, ಫೋಟೊ ಕಳಿಸಲು ಹೇಳುವವರು ಸಿಕ್ಕರೆ ನಂಬರ್ ಬ್ಲಾಕ್ ಮಾಡಿ. ಹೆದರಿಸಿದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಪೊಲೀಸರಿಗೆ ಕೊಡಿ. ಒಬ್ಬರೇ ಮಾಡುವುದರಲ್ಲಿ ಕಡಿಮೆ ಏನಿಲ್ಲ. ಜೊತೆ ಬೇಕೆನಿಸಿದರೆ ಮೊದಲ ಭೇಟಿ ಹಗಲು ಹೊತ್ತಿನಲ್ಲಿ, ಪೇಟೆಯ ಯಾವುದಾದರೂ ಕಾಫಿ ಅಂಗಡಿಯಲ್ಲಿ ಇಟ್ಟುಕೊಳ್ಳಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ.